ಒದ್ದೆ ಚೀಲಗಳು

ಕೊಣನೂರು
16 ನವೆಂಬರ್ 2025, ಭಾನುವಾರ

ನನ್ನ ಪ್ರೇಮಾಗೆ,

ನಿನ್ನ ಅತ್ತಿಗೆಯ ಆಶೀರ್ವಾದಗಳು. ಇಲ್ಲಿ ನಿನ್ನ ಅವ್ವ, ಅಣ್ಣ, ನಾನು ಎಲ್ಲರೂ ಆರೋಗ್ಯವಾಗಿದ್ದೇವೆ. ಚನ್ನರಾಯಪಟ್ಟಣದಲ್ಲಿ ನಿನಗೆ ಊಟ ಸರಿಹೋಗುತ್ತಿದೆಯೋ ಇಲ್ಲವೋ ಎಂದು ನಿನ್ನವ್ವ ದಿನಾ ಕೇಳುತ್ತಾರೆ, ನಾನು ದಿನಾ ಸರಿಹೋಗುತ್ತಿದೆ ಎಂದು ಹೇಳುತ್ತೇನೆ.

ಎರಡು ದಿನಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಈಗ ಕಾಗದ ಯಾಕೆ ಬರೆಯುತ್ತಿದ್ದಾಳೆ ಎಂದು ನಿನಗೆ ಅನ್ನಿಸಬಹುದು. ಫೋನಿನಲ್ಲಿ ಈ ಮಾತು ಶುರು ಮಾಡಿದಾಗಲೆಲ್ಲ ನೀನು "ಬುಡಿ ಅತ್ತಿಗೆ, ಆಗಿದ್ದಾಯ್ತು" ಎಂದೆ. ನಾನೂ ಬಿಟ್ಟೆ. ನೀನು ಹಾಗೆ ಅನ್ನಲಿ ಎಂದೇ ಕಾಯುತ್ತಿದ್ದೆನೋ ಏನೋ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನೂ ತಪ್ಪಿಸಿಕೊಳ್ಳಲಾರೆ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ.

ಬೇಸಿಗೆಯಲ್ಲಿ ನಮ್ಮ ಹಳೇ ಪಿಕಪ್ಪು ಪೂರ್ತಿ ಕೈಕೊಟ್ಟಿತಲ್ಲ, ಅಲ್ಲಿಂದಲೇ ಮನೆಯಲ್ಲಿ ವಾದ ಶುರುವಾಯಿತು. ನರ್ಸರಿಗೆ ಗಾಡಿ ಇಲ್ಲದೆ ಆಗುವುದಿಲ್ಲ. ಟೊಮೆಟೊ, ಮೆಣಸಿನ ಸಸಿ ಹೇಳಿದ ದಿನ ರೈತರ ಹೊಲ ಮುಟ್ಟದಿದ್ದರೆ ಅವರು ಇನ್ನೊಂದು ನರ್ಸರಿ ಹುಡುಕಿಕೊಳ್ಳುತ್ತಾರೆ. ನಿಮ್ಮಣ್ಣ, ಬಲಭೀಮ ಎನ್ನುವ ಡೀಸೆಲ್ ಪಿಕಪ್ಪೇ ಬೇಕೆಂದು ಕೂತರು. "ಕೆಟ್ರೆ ಅರಕಲಗೂಡಲ್ಲಿ ಯಾವ ಮೆಕ್ಯಾನಿಕ್ಕಾದ್ರೂ ಕಣ್ಮುಚ್ಕೊಂಡು ರಿಪೇರಿ ಮಾಡ್ತಾನೆ. ನಾಳೆ ಮಾರ್ತೀನಿ ಅಂದ್ರೂ ತಗಳೋರವ್ರೆ. ಆ ಕರೆಂಟ್ ಗಾಡಿ ನಿಂತ್ರೆ ಹಾಸನದಿಂದ ಆಳು ಬರ್ಬೇಕು. ಬ್ಯಾಟ್ರಿ ಓದ್ರೆ ಗಾಡಿನೇ ಓದಂಗೆ" ಎಂದರು.

ನೀನು ಸುಗಮ ಎನ್ನುವ ಆ ಕರೆಂಟ್ ಗಾಡಿಯ ಪರ. ನೀನು ಸುಮ್ಮನೆ ಹಟ ಮಾಡಲಿಲ್ಲ. ಪಕ್ಕದ ಚಕ್ರ ಹಾಕಿಸಿದ ನಿನ್ನ ಸ್ಕೂಟರಿನಲ್ಲಿ ಅರಕಲಗೂಡು, ಹೊಳೆನರಸೀಪುರವೆಲ್ಲ ಸುತ್ತಿ, ಆ ಗಾಡಿಯಲ್ಲಿ ಸೋಡಾ ಹಾಕುವವರನ್ನು, ಸಿಲಿಂಡರ್ ಹಾಕುವವರನ್ನು ನಿಲ್ಲಿಸಿ ಕೇಳಿಕೊಂಡು ಬಂದೆ. "ಅಣ್ಣಾ, ನಾವೇನು ಮುಂಬೈಗೆ ಲೋಡ್ ಒಡೀತೀವಾ? ಇಲ್ಲೇ ಸುತ್ತಮುತ್ತ ಓಗಿ ಸಂಜೆಗೆ ಮನೆಗೆ ಬರೋ ಗಾಡಿ. ಡೀಸೆಲ್ ಇಲ್ಲ, ಆಯಿಲ್ ಇಲ್ಲ, ಸಸಿಗೆ ಹೊಗೆ ಇಲ್ಲ" ಎಂದೆ. ನಿಮ್ಮಣ್ಣ ಡೇರಿಗೆ ಹೊತ್ತಾಯಿತು ಎಂದು ಎದ್ದುಹೋದರು. ಹಾಲಿನ ಡೇರಿಯ ಕಾರ್ಯದರ್ಶಿಗೆ ಹೊತ್ತಾಯಿತು ಎನ್ನುವುದು ಬಹಳ ಅನುಕೂಲದ ಮಾತು.

ಹಳೇ ಗಾಡಿಯನ್ನು ಓಡಿಸುತ್ತಿದ್ದವಳು ನಾನು. ಅದಕ್ಕೇ ಕೊನೆಗೆ ಅವರು, "ಎರಡನ್ನೂ ಒಂದೊಂದಿನ ತರಿಸಿ ಓಡ್ಸಿ ನೋಡು ಆಶಾ. ನೀನು ಯಾವ್ದಂತೀಯೋ ಅದು" ಎಂದುಬಿಟ್ಟರು. ತೀರ್ಪು ನನ್ನ ಕೈಗೆ ಬಂತು.

ಬಲಭೀಮ ಮೊದಲು ಬಂತು. ಹೊಳೆನರಸೀಪುರಕ್ಕೆ ಸಸಿ ಟ್ರೇ, ವಾಪಸು ಬರುವಾಗ ಅರಕಲಗೂಡಿನಲ್ಲಿ ಇಳಿಸಲು ತೆಂಗಿನ ನಾರಿನ ಪುಡಿಯ, ಅದೇ ಕೊಕೊಪೀಟ್ ಚೀಲಗಳು. ಹೋಗಿ ಬಂದೆವು, ಏನೂ ತೊಂದರೆಯಾಗಲಿಲ್ಲ. ಅದಾದ ಮೇಲಿನ ವಾರ ಹಾಸನದ ಶೋರೂಮಿನಿಂದ ರಜನೀಶ್ ಸುಗಮ ಗಾಡಿ ತಂದು, ರಾತ್ರಿ ಚಾರ್ಜಿಗೆ ಹಾಕಿ ಬೆಳಿಗ್ಗೆ ಓಡಿಸಿ ನೋಡಿ ಎಂದು ನಮ್ಮ ಅಂಗಳದಲ್ಲೇ ಬಿಟ್ಟುಹೋದರು.

ಆ ಸಂಜೆ ನೀನು ಡ್ರೈವರ್ ಸೀಟಿಗೆ ಹತ್ತಿ ಕೂತೆ. ಪೋಲಿಯೋ ಬಂದ ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡೆ. ಬಲಗಾಲಿನಲ್ಲಿ ಒಮ್ಮೆ ಬ್ರೇಕು, ಒಮ್ಮೆ ಆಕ್ಸಿಲರೇಟರ್ ಒತ್ತಿ ನೋಡಿ ನನ್ನನ್ನು ಕೂಗಿದೆ. "ಅತ್ತಿಗೆ, ಇದ್ರಲ್ಲಿ ಕ್ಲಚ್ಚೇ ಇಲ್ಲ! ಎಡಗಾಲಿಗೆ ಕೆಲ್ಸಾನೇ ಇಲ್ಲ ಕಣತ್ತಿಗೆ! ಲೈಸೆನ್ಸ್ ಸಿಕ್ತದಂತೆ, ಕೇಳ್ಕಂಡು ಬಂದಿವ್ನಿ." ಅಷ್ಟು ದಿನ ನೀನು ಡೀಸೆಲ್ಲು, ಆಯಿಲ್ಲು, ಹೊಗೆ ಎಂದೆಲ್ಲ ವಾದ ಮಾಡಿದ್ದು ಯಾತಕ್ಕೆಂದು ನನಗೆ ಆಗ ಅರ್ಥವಾಯಿತು. ನಿನ್ನ ಮುಖ ಅಷ್ಟು ಅರಳಿದ್ದನ್ನು ನಾನು ಈ ಮನೆಗೆ ಬಂದಾಗಿನಿಂದ ನೋಡಿರಲಿಲ್ಲ.

ನಾನು ನಕ್ಕೆ. ಆಮೇಲೆ ನರ್ಸರಿಯ ಹಿಂದಕ್ಕೆ ಹೋಗಿ, ಜೋಡಿಸಿಟ್ಟಿದ್ದ ಕೊಕೊಪೀಟ್ ಚೀಲಗಳ ಬಾಯಿ ಬಿಚ್ಚಿ ಪೈಪಿನಲ್ಲಿ ನೀರು ಬಿಟ್ಟೆ.

ಒಣಗಿದಾಗ ಒಂದು ಕೈಯಲ್ಲಿ ಎತ್ತುವ ಚೀಲ ನೀರು ಕುಡಿದರೆ ಇಬ್ಬರು ಹಿಡಿದರೂ ಅಲುಗುವುದಿಲ್ಲ ಎನ್ನುವುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಆಳುಗಳಿಂದ ಅವನ್ನು ಗಾಡಿಯಲ್ಲಿ ಮುಂದಿನ ಸಾಲಿಗೆ ಹಾಕಿಸಿ, ಮೇಲೆ ಟಾರ್ಪಾಲು ಮುಚ್ಚಿ, ಅದರ ಹಿಂದೆ ಸಸಿ ಟ್ರೇ ಜೋಡಿಸಿದೆ. ಯಾಕಮ್ಮ ನೆನೆಸಿದ್ದೀರಿ ಎಂದು ಕೇಳಿದ ಆಳಿಗೆ, ಗಿರಾಕಿ ಹಾಗೇ ಬೇಕೆಂದಿದ್ದಾರೆ ಎಂದೆ.

ಹೊಳೆನರಸೀಪುರದವರೆಗೆ ಗಾಡಿ ಹೋಯಿತು. ಅಷ್ಟು ಭಾರ ಹೊತ್ತೂ ಅದು ಎಲ್ಲೂ ಮುಗ್ಗರಿಸಲಿಲ್ಲ. ಸಸಿ ಇಳಿಸಿದೆವು. ನಿನಗೆ ಹಿಂದೆ ಹತ್ತಲು ಆಗುವುದಿಲ್ಲ, ಮುಂದೆಯೇ ನನ್ನ ಪಕ್ಕ ಕೂತಿದ್ದೆ. ಬರುವಾಗ ಖಾಲಿ ರಸ್ತೆಯಲ್ಲಿ ನಾನು ಬೇಕೆಂದೇ ಒತ್ತಿ ಓಡಿಸಿದೆ. ಉಳಿದ ಚಾರ್ಜು ತೋರಿಸುವ ಅಂಕಿ ಇಳಿಯುತ್ತಿದ್ದಂತೆ ನೀನು ಅದನ್ನು ಒಂದೊಂದಾಗಿ ಓದತೊಡಗಿದೆ. ಅರಕಲಗೂಡು ಇನ್ನೂ ದೂರವಿದ್ದಾಗ ಗಾಡಿ ನಿಧಾನವಾಗಿ ಪಕ್ಕಕ್ಕೆ ಬಂದು ನಿಂತಿತು.

ನೀನು ಇಳಿದು, ಗಾಡಿ ಹಿಡಿದುಕೊಂಡು ಹಿಂದಕ್ಕೆ ಹೋದೆ. ಡಾಂಬರಿನ ಮೇಲೆ ಟಾರ್ಪಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದೆ. ಆಮೇಲೆ ನನ್ನ ಕಡೆ ನೋಡದೆಯೇ, "ಸಸಿಗೆ ನೀರು ಜಾಸ್ತಿ ಹಾಕಿದ್ರಾ ಅತ್ತಿಗೆ?" ಎಂದು ಕೇಳಿದೆ.

ಹೂಂ ಎಂದೆ.

ಸಸಿಯೆಲ್ಲ ಹೊಳೆನರಸೀಪುರದಲ್ಲೇ ಇಳಿದಾಗಿತ್ತು, ಪ್ರೇಮಾ. ಇಬ್ಬರಿಗೂ ಅದು ಗೊತ್ತಿತ್ತು.

ಸಂಜೆ ರಜನೀಶ್ ಹಾಸನದಿಂದ ಬಂದರು. "ಇಂಗಾಗ್ಬಾರ್ದಿತ್ತು ಮೇಡಂ, ಲೋಡು ಎಷ್ಟಿತ್ತು?" ಎಂದರು. ಬಲಭೀಮಕ್ಕೆ ಹಾಕಿದಷ್ಟೇ ಎಂದೆ. ಚೀಲಗಳ ಎಣಿಕೆಯಲ್ಲಿ ಅದು ಸುಳ್ಳಲ್ಲ. ಅವರು ತಮ್ಮದೇ ತಪ್ಪಿರಬೇಕೆಂದು ನನ್ನ ಹತ್ತಿರ ಕ್ಷಮೆ ಕೇಳಿದರು. ನೀನು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನಿಮ್ಮಣ್ಣ ನಿನ್ನ ಅಭಿಪ್ರಾಯ ಕೇಳಿದಾಗ, "ಅತ್ತಿಗೆ ಏಳಿದ್ದೇ ಸರಿ, ಬಲಭೀಮನೇ ತಗಳಣ" ಎಂದೆ. ಹೊಸ ಗಾಡಿ ಬಂದ ದಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟವಳೂ ನೀನೇ. ಗೌರಿ ಹಬ್ಬ ಮುಗಿಯುತ್ತಲೇ ಚನ್ನರಾಯಪಟ್ಟಣದ ಬಸವರಾಜು ಅವರ ತೆಂಗಿನ ನರ್ಸರಿಯಲ್ಲಿ ಕೆಲಸ ಸಿಕ್ಕಿದೆ ಎಂದು ಬ್ಯಾಗು ತುಂಬಿಕೊಂಡೆ. "ಒಂದ್ವರ್ಷ ಆಚೆ ಇದ್ದು ಕಲ್ತು ಬತ್ತೀನಿ" ಎಂದೆ. ಸಸಿಯ ವಿಷಯದಲ್ಲಿ ನೀನು ಯಾರಿಂದ ಕಲಿಯಬೇಕಿತ್ತು?

ಬಲಭೀಮ ಕೆಟ್ಟ ಗಾಡಿಯೂ ಅಲ್ಲ. ಅದೇ ನನಗೆ ಕಷ್ಟ. ಒಂದು ದಿನವಾದರೂ ಎಲ್ಲಾದರೂ ನಿಂತಿದ್ದರೆ ಶಿಕ್ಷೆ ಆಯಿತು ಎಂದುಕೊಳ್ಳುತ್ತಿದ್ದೆ. ಒಂದು ದಿನವೂ ನಿಲ್ಲಲಿಲ್ಲ. ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಎಲ್ಲ ಕಡೆ ಹೋಗಿ ಬರುತ್ತಿದ್ದೇನೆ. ಗಿರಾಕಿಗಳು ಸಸಿಗೆ ಎಲೆ ಮುದುಡುತ್ತಿದೆ, ಏನು ಹೊಡೆಯಬೇಕು ಎಂದು ಕೇಳಿದರೆ, ಪ್ರೇಮ ಬಂದ ಮೇಲೆ ಹೇಳುತ್ತೇನೆ ಎನ್ನುತ್ತೇನೆ.

ಈಗ ನಿನಗೆ ಗೊತ್ತಿಲ್ಲದ್ದು. ದೀಪಾವಳಿಗೆ ನಮ್ಮ ಗಿರಾಕಿ, ಸೇವಂತಿಗೆ ಹೂವು ಬೆಳೆಯುವ ಚನ್ನಪ್ಪ ಸುಗಮ ಗಾಡಿ ತೆಗೆದುಕೊಂಡ. ಹೂವು ತುಂಬಿಕೊಂಡು ಹಾಸನಕ್ಕೆ ಹೋಗಿ ಬರುತ್ತಾನೆ. ನಿಮ್ಮಣ್ಣನಿಗೋ ಡೇರಿಯಲ್ಲಿ, ಟೀ ಅಂಗಡಿಯಲ್ಲಿ ಅದೇ ಕಥೆ: ಆ ಗಾಡಿ ನಂಬಬೇಡಿ, ನಮ್ಮ ಮನೆಯವರನ್ನು ನಡುರಸ್ತೆಯಲ್ಲಿ ನಿಲ್ಲಿಸಿತು ಎಂದು. ಅವರ ಮಾತು ಕೇಳಿ ಕೊಳ್ಳಬೇಕೆಂದಿದ್ದ ಯಾರೋ ಹಿಂದೆ ಸರಿದರಂತೆ. ಮೊನ್ನೆ ಗುರುವಾರ ಚನ್ನಪ್ಪ ಸಸಿಗೆಂದು ಬಂದವನು ನಿಮ್ಮಣ್ಣನನ್ನು ಕಂಡು ಗೇಟಿನ ಹತ್ತಿರವೇ ಶುರುಮಾಡಿದ.

"ಅದೆಂಗೆ ನಿಂತದು ರವೀಂದ್ರಣ್ಣ? ನಾನು ಮೂಟೆ ಮ್ಯಾಲೆ ಮೂಟೆ ಏರ್ಕಂಡು ಓಗಿ ಬತ್ತಾ ಇವ್ನಿ. ಸುಮ್ಸುಮ್ಕೆ ಗಾಡಿಗೆ ಕೆಟ್ಟೆಸ್ರು ತರ್ಬ್ಯಾಡಿ."

"ನಂಗೇಳ್ಬ್ಯಾಡ ಕಣ್ಲಾ! ನಮ್ಮನೆ ಎಂಗಸ್ರು ಬಿಸ್ಲಲ್ಲಿ ರಸ್ತೆ ಮ್ಯಾಲೆ ಕುಂತಿದ್ರು. ನಮ್ ಪ್ರೇಮ ಆವತ್ತಿಂದ ಸಪ್ಪಗಾಗಿ ಮನೇನೇ ಬುಟ್ಟೋದ್ಲು" ಎಂದರು ನಿಮ್ಮಣ್ಣ. ಅವರಿಗೆ ಅಷ್ಟು ತಿಳಿದಿತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಏಳು ಆಶಾ ಇವುನ್ಗೆ, ನೀನೇ ಓಡ್ಸಿದ್ದು" ಎಂದರು.

ಟ್ರೇಯಿಂದ ಸಸಿ ಎಣಿಸಿ ಕೊಡುತ್ತಿದ್ದೆ. ಎಣಿಕೆ ತಪ್ಪಿತು. "ಚೀಲ ನೆನೆಸಿದ್ದೆ ನಾನು. ಗಾಡೀದೇನೂ ತಪ್ಪಿಲ್ಲ" ಎಂದೆ.

ಚನ್ನಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಸಸಿ ನಾಳೆ ತಗೊಂಡು ಹೋಗ್ತೀನಿ ಎಂದು ಹೊರಟೇ ಹೋದ. ನಿಮ್ಮಣ್ಣ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಾರನೆಯ ಬೆಳಿಗ್ಗೆ ಡೇರಿಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಊರೆಲ್ಲಾ ನನ್ ಬಾಯಲ್ಲಿ ಸುಳ್ಳೇಳಿಸ್ದೆ. ಅದಿರ್ಲಿ. ಆ ಮಗೀಗೆ ಏನೇಳ್ತೀಯ?" ಎಂದಷ್ಟೇ ಕೇಳಿದರು. ನಿನಗೆ ನಲವತ್ತಾದರೂ ಅವರಿಗೆ ನೀನು ಮಗುವೇ.

ಹೇಳುವುದಕ್ಕೆ ನನ್ನ ಹತ್ತಿರ ಇರುವುದು ಇಷ್ಟು. ನಿನ್ನನ್ನು ಡ್ರೈವರ್ ಸೀಟಿನಲ್ಲಿ ಕಂಡಾಗ ನನಗೆ ಹೆದರಿಕೆಯಾಯಿತು. ಲಾರಿ, ಬಸ್ಸು ಓಡಾಡುವ ರಸ್ತೆ. ಆ ಕಾಲಿಟ್ಟುಕೊಂಡು ನಿನಗೇನಾದರೂ ಆದರೆ ನಿನ್ನವ್ವನಿಗೆ ಹೇಗೆ ಮುಖ ತೋರಿಸಲಿ ಎನ್ನಿಸಿತು. ಬೇಡ ಎಂದು ಬಾಯಲ್ಲಿ ಹೇಳಿದರೆ ನಿನಗೆ ನೋವಾಗುತ್ತದೆ ಎಂದು ಗಾಡಿಯಿಂದ ಹೇಳಿಸಿದೆ. ದೊಡ್ಡ ತಪ್ಪು ಮಾಡಿದೆ, ತಾಯಿ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ.

ಶುಕ್ರವಾರ ರಜನೀಶ್ ಅವರಿಗೆ ಫೋನ್ ಮಾಡಿ ಇದ್ದದ್ದು ಇದ್ದಹಾಗೆ ಹೇಳಿದೆ.  "ನಾನು ಆ ಗಾಡಿನ ಬಿಚ್ಚಿಸಿ ಚೆಕ್ ಮಾಡಿಸ್ದೆ ಮೇಡಂ" ಎಂದರು, ಅಷ್ಟೇ. ನಿನ್ನೆ ನಿಮ್ಮಣ್ಣ, ನಾನು ಹಾಸನಕ್ಕೆ ಹೋಗಿ ಸುಗಮ ಗಾಡಿ ಬುಕ್ ಮಾಡಿ ಬಂದೆವು. ನಿನ್ನ ಹೆಸರಿನಲ್ಲಿ. ಬಲಭೀಮವನ್ನು ಹೊಳೆನರಸೀಪುರದ ಹಾರ್ಡ್‌ವೇರ್ ಅಂಗಡಿಯ ಅನಿಲ್‌ಕುಮಾರ್ ಕೇಳಿದ್ದಾರೆ, ಕೊಟ್ಟುಬಿಡುತ್ತೇವೆ. ದಾರಿಯಲ್ಲಿ ನಿಮ್ಮಣ್ಣ, ಬ್ಯಾಟರಿ ಹೋದರೆ ಗಾಡಿಯೇ ಹೋದ ಹಾಗೆ ಎಂದು ಒಂದು ಸಲ ಅಂದು, ತಾವೇ ನಾಲಿಗೆ ಕಚ್ಚಿಕೊಂಡರು.

ಗಾಡಿ ಬುಕ್ ಮಾಡಿದ್ದೇವೆ ಎಂದು ನೀನು ಬರಲೇಬೇಕೆಂದಿಲ್ಲ. ಅಲ್ಲೇ ನೆಮ್ಮದಿ ಇದ್ದರೆ ಗಾಡಿಯನ್ನು ಅಲ್ಲಿಗೇ ಕಳಿಸುತ್ತೇವೆ. ಬರುವೆಯಾದರೆ ನನ್ನನ್ನು ಕ್ಷಮಿಸಿದೆ ಎಂದು ನಾನು ತಿಳಿದುಕೊಳ್ಳುವುದಿಲ್ಲ. ಮಾತಾಡದೆ ಇರಬೇಕೆಂದರೂ ಇರು, ಒಂದೇ ಮನೆಯಲ್ಲಿ ಇದ್ದರೆ ಸಾಕು.

ಇಂತಿ ನಿನ್ನ ಅತ್ತಿಗೆ,
ಆಶಾರಾಣಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕಾಗದ ಅಂಟಿಸಲು ಹೋಗಿ ಮತ್ತೆ ಬಿಚ್ಚಿದ್ದೇನೆ. ನಿನ್ನ ಜೀವಕ್ಕೆ ಹೆದರಿದೆ ಎಂದು ಮೇಲೆ ಬರೆದದ್ದು ಸುಳ್ಳು. ನೀನು ನನಗಿಂತ ಚೆನ್ನಾಗಿ ಓಡಿಸುತ್ತೀಯ ಎಂದು ಹೆದರಿದೆ. ಸಸಿ ನಿನಗೆ ಗೊತ್ತು, ಗಿರಾಕಿಗಳು ಕೇಳುವುದು ನಿನ್ನನ್ನು, ಗಾಡಿಯೂ ನಿನಗೆ ಬಂದರೆ ನನ್ನನ್ನು ಯಾರು ಯಾತಕ್ಕೆ ಹೊರಗೆ ಕರೆಯುತ್ತಾರೆ? ಈ ಮನೆಗೆ ಬಂದ ಮೇಲೆ ನಾನು ಅಡುಗೆಮನೆ ಬಿಟ್ಟು ನಾಲ್ಕು ಊರು ಕಂಡದ್ದು ಸ್ಟೀರಿಂಗ್ ಹಿಡಿದ ಮೇಲೆಯೇ. ಆ ದಿನ ಗಾಡಿ ನಿಂತಾಗ ನನಗೆ ಸಮಾಧಾನವಾಯಿತು ಪ್ರೇಮಾ, ನಿನ್ನ ಮುಖ ನೋಡಿದ ಮೇಲೂ ಅದು ಹೋಗಲಿಲ್ಲ. ಹೊಸ ಗಾಡಿ ಬಂದಾಗ ಬೀಗದ ಕೈಯನ್ನು ನಿಮ್ಮಣ್ಣನೇ ಇಟ್ಟುಕೊಳ್ಳಲಿ ಎಂದು ಹೇಳಿದ್ದೇನೆ. ನನ್ನ ಹತ್ತಿರ ಇದ್ದರೆ ನಿನ್ನ ಕೈಗೆ ಕೊಡುತ್ತೇನೆ ಎಂಬ ನಂಬಿಕೆ ನನಗಿನ್ನೂ ಬಂದಿಲ್ಲ.