ಹೊಸ ಯಂತ್ರ ಕೊಳ್ಳಲು ಸಕಾಲ

ಜೂನ್ ೪, ಸಂಜೆ

ಎಂದಿನಂತೆ ಆರು ಗಂಟೆಗೆ ಟಿವಿಯ ಮುಂದೆ ಕುಳಿತದ್ದಾಯಿತು. ತಮ್ಮ ಅವನ ಊರಿನಿಂದ, ನಾನು ಇಲ್ಲಿಂದ. ತಲೆಗೆ ಹೆಡ್‌ಫೋನ್, ಕೈಯಲ್ಲಿ ಕಂಟ್ರೋಲರ್. ಲಾರಿ ಓಡಿಸುವ ಆಟ. ಅವನ ಲಾರಿ ಮುಂದೆ, ನನ್ನದು ಹಿಂದೆ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದವನು ಇಂದು ನೆಟ್ಟಗಿನ ರಸ್ತೆಯಲ್ಲಿ ಸೇತುವೆಯ ಕಂಬಕ್ಕೆ ಗುದ್ದಿದ. ಗುದ್ದಿದ್ದಲ್ಲದೆ ದೋಷವನ್ನು ಯಂತ್ರದ ಮೇಲೆ ಹೊರಿಸಿದ. ಕನ್ಸೋಲ್ ಹಳೆಯದಂತೆ, ಚಿತ್ರ ಮಸುಕಂತೆ, ಹೊಸ ತಲೆಮಾರಿನದು ಬಂದಿದೆಯಂತೆ, ಇಬ್ಬರೂ ಕೊಳ್ಳೋಣವಂತೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೇಳಿಯೂ ಬಿಟ್ಟೆ. ನಕ್ಕ. ತಿರುಗಿ ಬೈಯಲಿಲ್ಲ.

"ಮೊದಲು ನೀನು ತಗೋ ಅಣ್ಣ, ಆಮೇಲೆ ನಾನು" ಎಂದ. ಅವನ ಜಾಯಮಾನವೇ ಹಾಗೆ. ಸೈಕಲ್ಲು, ಮದುವೆ, ಹಲ್ಲಿನ ಸೆಟ್ಟು... ಯಾವುದರಲ್ಲಿಯೂ ನನ್ನನ್ನು ದಾಟಿ ಹೋದವನಲ್ಲ.

ಜೂನ್ ೭

ಮಗನಲ್ಲಿ ವಿಷಯ ಪ್ರಸ್ತಾಪಿಸಿದೆ. ಹೌದು ಅಥವಾ ಇಲ್ಲ ಎಂದಿದ್ದರೆ ಸಾಕಿತ್ತು. ಸಾಲಾಗಿ ವಿಡಿಯೋಗಳನ್ನು ತೋರಿಸಿದ. ಮೊದಲ ಬ್ಯಾಚಿನ ಯಂತ್ರ ಬಿಸಿಯಾಗುತ್ತದೆ. ಅದಕ್ಕೆ ತಕ್ಕ ಆಟಗಳು ಇನ್ನೂ ಬಂದಿಲ್ಲ. ವರ್ಷದ ಕೊನೆಗೆ ಬೆಲೆ ಇಳಿಯುತ್ತದೆ. ಸೊಸೆಯ ಅಭಿಪ್ರಾಯವೇ ಬೇರೆ — ಮುಂದಿನ ವರ್ಷ ತೆಳ್ಳಗಿನ ಮಾಡೆಲ್ ಬರುತ್ತದೆ, ಈಗಿನದು ಟಿವಿ ಸ್ಟ್ಯಾಂಡಿನಲ್ಲಿ ಹಿಡಿಸುವುದೇ ಇಲ್ಲ. ಟೇಪು ಹಿಡಿದು ಅಳೆದು ತೋರಿಸಿದಳು. ಸದರಿ ಯಂತ್ರಕ್ಕೆ ಒಪ್ಪುವಂಥ ಟಿವಿಯೂ ಹೊಸದಾಗಿ ಬೇಕಾದೀತಂತೆ. ಮೂಗಿಗಿಂತ ಮೂಗುತಿ ಭಾರ.

ಜೂನ್ ೮

ಖುದ್ದಾಗಿ ಅಂಗಡಿಗೆ ಹೋಗಿ ಬಂದೆ. ಸೇಲ್ಸ್‌ಮನ್ ಮೊಮ್ಮಗನಿಗೋ ಎಂದು ಕೇಳಿದ. ನನಗೇ ಎಂದೆ. ಕುರ್ಚಿ ಹಾಕಿದ. ಆಮೇಲೆ ಅವನೂ ಕಾಯಲು ಹೇಳಿದ. "ಹೊಸ ಸ್ಟಾಕ್ ಬರ್ಲಿ ಅಂಕಲ್, ಜೊತೆಗೆ ಗೇಮ್ ಫ್ರೀ ಕೊಡ್ತಾರೆ." ಮಾರುವವನೇ ಕೊಳ್ಳಬೇಡಿ ಎನ್ನುವ ಕಾಲ ಬಂತು.

ಕಚೇರಿಯಲ್ಲಿ ಮಂದಿಯ ಅರ್ಜಿ, ಅದಕ್ಕೆ ಉತ್ತರ ಬರೆದೇ ಕೂದಲು ಹಣ್ಣಾದವನು ನಾನು. 'ವಿಷಯವು ಪರಿಶೀಲನೆಯಲ್ಲಿದೆ' ಎಂಬ ವಾಕ್ಯವನ್ನು ಎಷ್ಟು ಜನರ ಪಾಲಿಗೆ ದುಂಡಗೆ ಬರೆದು ಕೊಟ್ಟಿರುವೆನೋ. ಈಗ ಅದು ನನ್ನ ಮನೆಯಲ್ಲಿಯೇ ಜಾರಿಯಲ್ಲಿದೆ.

ಜೂನ್ ೨೧

ತಮ್ಮನಿಗೆ ತೀರ್ಮಾನ ತಿಳಿಸಿದೆ. ವರ್ಷಾಂತ್ಯದವರೆಗೆ ಕಾಯತಕ್ಕದ್ದು. ಕಾರಣಗಳನ್ನೂ ಒಂದೊಂದಾಗಿ ವಿವರಿಸಿದೆ. ಆಗಲಿ ಬಿಡು ಎಂದ. ಸ್ವಲ್ಪ ತಡೆದು, ಅಷ್ಟು ದಿನ ಬೇಕಾ ಎಂದೂ ಕೇಳಿದ. ಆತುರಗಾರನಿಗೆ ಬುದ್ಧಿ ಮಟ್ಟ.

ಆಟದಲ್ಲಿ ಇಂದು ಕೆಂಪು ಸಿಗ್ನಲ್ ಕಂಡೂ ನಿಲ್ಲಿಸಲಿಲ್ಲ. ಮತ್ತೆ ಮತ್ತೆ ಅದೇ. ರೇಗಿ ಹೋಯಿತು. ನಿನ್ನ ಬಸ್ಸಿನಲ್ಲಿ ಕೂತವರು ಜೀವಂತ ಮನೆ ಸೇರಿದ್ದು ಅವರ ಪುಣ್ಯ ಎಂದೆ. ತಲೆನೋವೆಂದು ಬೇಗ ಎದ್ದು ಹೋದ.

ಜುಲೈ ೨

ಆಟದ ಪರದೆಯಲ್ಲಿ ಅವನ ಹೆಸರಿನ ಪಕ್ಕದ ಹಸಿರು ಚುಕ್ಕೆ ವಾರದಿಂದ ಬೆಳಗಿಲ್ಲ. ಮೆಸೇಜಿಗೂ ಉತ್ತರವಿಲ್ಲ. ಮುನಿಸಿಕೊಂಡಿರಬೇಕು. ಒಂದು ಡಬ್ಬಿಯ ಸಲುವಾಗಿ ಈ ವಯಸ್ಸಿನಲ್ಲಿ ಮುನಿಸು. ನಾನು ಹಿರಿಯವನು; ಮೊದಲು ಫೋನ್ ಮಾಡತಕ್ಕವನು ಅವನು. ಒಬ್ಬನೇ ಲಾರಿ ಓಡಿಸಿದೆ. ಲೋಡು ತಲುಪಿಸಿದೆ. ಸಪ್ಪೆ.

ಮಗ ದಿನವೂ ಮೊಬೈಲಿನಲ್ಲಿ ಬೆಲೆ ನೋಡಿ ವರದಿ ಒಪ್ಪಿಸುತ್ತಾನೆ. ಇಳಿದಿಲ್ಲ. ಇಳಿದರೂ ಇನ್ನಷ್ಟು ಇಳಿಯಲಿ ಎನ್ನುವವನು.

ಜುಲೈ ೯, ಮಧ್ಯಾಹ್ನ

ತಮ್ಮನ ಹೆಂಡತಿಯಿಂದ ಫೋನ್. ಅವನು ಮಲಗಿದ ಹೊತ್ತು ನೋಡಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಮಾಡಿದ್ದು.

"ಭಾವ, ಅವರ ಕಣ್ಣು ಹೋಗ್ತಾ ಇದೆ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸಿದ್ರು."

ಅಂಚಿನಿಂದ ಕತ್ತಲು ಒಳಗೆ ಸರಿದು ಬರುತ್ತಿದೆಯಂತೆ. ನಡುವೆ ಮಾತ್ರ ಕಾಣುವುದು. ಅದೂ ಮಸುಕು. ಆಪರೇಷನ್ನಿನ ಹಂತ ಮೀರಿದೆ. ವರ್ಷಾಂತ್ಯಕ್ಕೆ ಎಷ್ಟು ಉಳಿದೀತು ಎಂಬುದನ್ನು ಡಾಕ್ಟರು ಬಾಯಿಬಿಟ್ಟು ಹೇಳುತ್ತಿಲ್ಲ. ಹಾಗಿದ್ದರೆ ಆಟ ಏಕೆ ಬಿಟ್ಟ ಎಂದು ಕೇಳಿದೆ, ಮೂರ್ಖನಂತೆ.

"ಹೊಸದ್ರಲ್ಲಿ ರಸ್ತೆ ಚೆನ್ನಾಗಿ ಕಾಣುತ್ತಂತೆ, ಅಣ್ಣ ತಗೊಂಡ್ರೆ ನಾನೂ ತಗೋತೀನಿ ಅಂತಿದ್ರು. ನೀವು ವರ್ಷದ ಕೊನೆಗೆ ಅಂದ ಸ್ವಲ್ಪ ದಿನಕ್ಕೇ ಹಳೇದನ್ನೂ ಬೀರು ಮೇಲೆ ಎತ್ತಿಟ್ಟುಬಿಟ್ರು ಭಾವ."



ಅದೇ ದಿನ, ಸಂಜೆ

ಮಗನಿಗೆ ತಿಳಿಸಿದೆ. ಬೆಲೆ ನೋಡುತ್ತಿದ್ದವನು ತಲೆ ಎತ್ತಿದ. ಮೆಲ್ಲನೆಯೇ ಕೇಳಿದ: "ಅಪ್ಪ, ಬೇಜಾರು ಮಾಡ್ಕೋಬೇಡಿ. ಕಾಣಿಸದೇ ಹೋಗೋರಿಗೆ ಅಷ್ಟು ದೊಡ್ಡ ಮೆಷಿನ್ ಯಾಕೆ?"

ಪ್ರಶ್ನೆ ನ್ಯಾಯವಾದದ್ದೇ. ಜೀವಮಾನವಿಡೀ ಮಂದಿಯ ಪರವಾಗಿ ಕಾರಣಗಳನ್ನು ಪುಟಗಟ್ಟಲೆ ಪೋಣಿಸಿದವನಿಗೆ ಒಂದು ಕಾರಣವೂ ಹೊಳೆಯಲಿಲ್ಲ.

"ಇನ್ನೂ ಕಾಣ್ತಾ ಇದೆ ಕಣೋ" ಎಂದೆ. ಅಷ್ಟೆ.

ಮಗ ಮೊಬೈಲನ್ನು ಕೆಳಗಿಟ್ಟ. ಸೊಸೆ ಎದ್ದು ಟಿವಿ ಸ್ಟ್ಯಾಂಡಿನ ಮೇಲಿದ್ದ ಹೂದಾನಿ, ಫೋಟೋ, ಗಡಿಯಾರ ಎಲ್ಲವನ್ನೂ ತೆಗೆದು ಜಾಗ ಮಾಡತೊಡಗಿದಳು.

ಜುಲೈ ೧೦

ಕೊಂಡದ್ದಾಯಿತು. ಎರಡು. ಇಳಿಯದ ಬೆಲೆಗೆ. ಸೇಲ್ಸ್‌ಮನ್ ಪಾಪ ಇಂದೂ ಕಾಯಲು ಹೇಳಿದ; ಮಗನೇ ಗದರಿಸಿದ. ಒಂದೇ ಲಾರಿಯಲ್ಲಿ ಇಬ್ಬರು ಕೂರುವ ಆಟ ಹೊಸದರಲ್ಲಿ ಉಂಟಂತೆ — ಒಬ್ಬ ಓಡಿಸುವುದು, ಮತ್ತೊಬ್ಬ ಪಕ್ಕದಲ್ಲಿ ಕುಳಿತು ದಾರಿ ಹೇಳುವುದು. ಬೇರೆ ಬೇರೆ ಊರಿನಲ್ಲಿದ್ದರೂ ಆದೀತು. ಅದನ್ನೇ ಹಾಕಿಸಿದೆ.

ಒಂದು ಯಂತ್ರ ಕೊರಿಯರಿನಲ್ಲಿ ಹೋಯಿತು. ಕಣ್ಣಿನ ವಿಷಯ ನನಗೆ ತಿಳಿದಿದೆಯೆಂದು ಅವನಿಗೆ ತಿಳಿಯಕೂಡದು. ಆಣೆ ಮುರಿದ ಹೆಂಗಸಿಗೆ ಬೈಗುಳ ತಪ್ಪಬೇಕು. ಆದ್ದರಿಂದ ಫೋನಿನಲ್ಲಿ ಗತ್ತಿನಿಂದಲೇ ತಿಳಿಸಿದೆ: ನಾನು ಕೊಂಡಾಗಿದೆ, ನಿನ್ನದೂ ಬರುತ್ತಿದೆ, ಹಿರಿಯನಾದವನು ದಾರಿ ಹೇಳತಕ್ಕದ್ದು, ಆಟದ ನಿಯಮವೇ ಹಾಗಿದೆ.

ಜುಲೈ ೧೫

ಅನಾಹುತ. ಸ್ಟೀರಿಂಗ್ ಅವನ ಕೈಯಲ್ಲಿ, ದಾರಿ ನನ್ನ ಬಾಯಲ್ಲಿ. 'ಮುಂದೆ ಎಡಭಾಗಕ್ಕೆ ಕಡಿದಾದ ತಿರುವು ಇರುವುದರಿಂದ ವೇಗವನ್ನು ತಗ್ಗಿಸಿ, ಎದುರಿನಿಂದ ಬರುವ ವಾಹನಗಳನ್ನು ಗಮನದಲ್ಲಿರಿಸಿಕೊಂಡು' ಎನ್ನುವಷ್ಟರಲ್ಲಿ ಲಾರಿ ಕೆರೆಯಲ್ಲಿ. ಹೀಗೆಯೇ ಹಳ್ಳಕ್ಕೆ. ಹೀಗೆಯೇ ಪೆಟ್ರೋಲ್ ಬಂಕಿನೊಳಕ್ಕೆ.

"ಅಣ್ಣ, ಇದೇನು ಅರ್ಜಿನಾ? ನೀನು ಮುಗಿಸೋ ಹೊತ್ತಿಗೆ ನಾನು ಮುಳುಗಿರ್ತೀನಿ. ಎಡ ಅನ್ನು, ಬಲ ಅನ್ನು. ಸಾಕು."

ಚೆನ್ನಾಗಿ ಬೈದ. ಹಾಯೆನಿಸಿತು. ಏಳುವ ಮುನ್ನ ಕೇಳಿದ: "ಯಾರು ಹೇಳಿದ್ರು ನಿಂಗೆ?" ಏನನ್ನು ಎಂದೆ. ಏನಿಲ್ಲ ಬಿಡು ಎಂದ. ಬಿಟ್ಟೆವು.

ಜುಲೈ ೩೦

ಎಡ. ಬಲ. ನಿಧಾನ. ಹಂಪು. ದಿನವೂ ಇಷ್ಟೇ ಮಾತು. ನಾಲಿಗೆಗೆ ಹಿಂಸೆ.

ಇಂದು ಬೆಟ್ಟದ ದಾರಿ. ಅರ್ಧ ಹತ್ತಿದ ಮೇಲೆ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಹಿಂದೆ ಹಾರ್ನುಗಳ ಗಲಾಟೆ. ಏನಾಯಿತೋ ಎಂದು ರೇಗಿದೆ. ಬಲಗಡೆ ಏನಿದೆ ಎಂದು ಕೇಳಿದ. ಕಣಿವೆ ಎಂದೆ.

"ಬರೀ ಕಣಿವೆನಾ?" ಎಂದ. "ಇದನ್ನ ಉದ್ದಕ್ಕೆ ಹೇಳು ಅಣ್ಣ. ನಿನ್ನ ಹಾಗೆ."

ಹೇಳಿದೆ. ಎಂಜಿನ್ ಆರಿಸಿ ಕೇಳಿದ. ನದಿಯ ಭಾಗ ಬಾಕಿ ಉಳಿಯಿತು, ನಾಳೆಗೆ ಎಂದ. ಊಟ ಬಿಟ್ಟು ಆಟದಲ್ಲಿ ಮತ್ತೊಮ್ಮೆ ಅಲ್ಲಿಗೆ ಒಬ್ಬನೇ ಹೋಗಿ ನೋಡಿ ಬಂದಿದ್ದೇನೆ. ಸೊಸೆ ಕರೆದು ಕರೆದು ಸಾಕಾಗಿದ್ದಾಳೆ. ಮರೆಯುವ ಮುನ್ನ ಬರೆದುಕೊಳ್ಳತಕ್ಕದ್ದು. ಸದರಿ ನದಿಯು ಬೆಳಗಿನಲ್ಲಿ ಬೂದಿಯ ಬಣ್ಣದ್ದಾಗಿದ್ದು, ಬಿಸಿಲೇರಿದಂತೆ ನಡುವಿನಿಂದ ಅಂಚಿನ ಕಡೆಗೆ ಬೆಳಕು ಹರಡುತ್ತಾ, ಅದರ ಎಡದಂಡೆಯಲ್ಲಿ