ಕೆಳಗಿನ ಬಾಗಿಲಿಗೊಂದು ಇಳಿಜಾರು

ನಾಮರಾ ಹಳ್ಳಿ
ಸೆಪ್ಟೆಂಬರ್ ೧೪, ೨೦೧೯

ನನ್ನ ವಾಸಿತಿ,

ಬುಲಾ! ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೇನೆ, ಬೈಯುವುದಿದ್ದರೆ ಬೈದುಬಿಡು. ಅಮ್ಮ ತೀರಿಹೋದ ನೂರನೆಯ ರಾತ್ರಿಯ ಕಾರ್ಯ ಮುಗಿಯುವವರೆಗೂ ಮನೆ ತುಂಬ ನೆಂಟರು. ಆಮೇಲೆ ಗಾಳಿ ಕೆಟ್ಟಿತು, ಸುವಾ ಪಟ್ಟಣದ ಹಡಗು ಇತ್ತ ಮುಖ ಹಾಕಲಿಲ್ಲ. ನಿನ್ನ ಹೊಸ ಕೃತಕ ಕಾಲು ಒತ್ತುವುದು ಕಡಿಮೆಯಾಯಿತೇ? ಸಕ್ಕರೆ ಕಾಯಿಲೆಯವಳು ನೀನು, ಹುಣ್ಣಾಗಲು ಬಿಡಬೇಡ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಿಂದ ನನ್ನ ಪಾಲಿನ ಬ್ರೆಡ್ಡು ಕದಿಯುತ್ತಿದ್ದವಳು ಈಗ ಊರೂರಿಗೆ ಹೋಗಿ ಅಂಗವಿಕಲರ ಕಾನೂನು ಹೇಳಿಕೊಡುತ್ತೀಯ ಎಂದರೆ ನನಗೆ ಈಗಲೂ ನಗು.

ಸಭೆ ಏನಾಯಿತು ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ನಮ್ಮ ಹಳೆಯ ಸಭಾಮನೆ ಗೆದ್ದಲು ಹಿಡಿದು ಕೂತಿದೆ. ಪಕ್ಕದಲ್ಲೇ ಸಿಮೆಂಟಿನ ಹೊಸದು ಏಳುತ್ತಿದೆ, ಅದಕ್ಕೂ ಹಳೆಯದರಷ್ಟೇ ಎತ್ತರದ ಮೆಟ್ಟಿಲಂತೆ. ನೀನು ಕೊಟ್ಟ ಧೈರ್ಯದ ಮೇಲೆ ನಾನು ಇಳಿಜಾರು ಕೇಳಲು ಹೊರಟೆ. ನನ್ನ ಗಾಲಿಕುರ್ಚಿ ತಳ್ಳಿಕೊಂಡು ನಾನೇ ಒಳಗೆ ಹೋಗಬೇಕು, ನಾನೇ ಹೊರಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.

ಇಳಿಜಾರು ಕೇಳಲು ಹೋದವಳನ್ನು ಎಂದಿನಂತೆ ಹುಡುಗರು ಎತ್ತಿಕೊಂಡು ಹೋಗಿ, ಹೆಂಗಸರ ಹಿಂದೆ ಚಾಪೆಯ ಮೇಲೆ ಕೂರಿಸಿದರು. ಕುರ್ಚಿ ಮೆಟ್ಟಿಲ ಕೆಳಗೇ ಉಳಿಯಿತು. ಯಾರದೋ ಕೋಳಿ ಅದರ ಮೇಲೆ ಹಾಯಾಗಿ ಕೂತಿತ್ತು.

ಮೇಲಿನ ಬಾಗಿಲ ಬಳಿ ನಮ್ಮ ಊರಿನ ಮುಖಂಡರು ರಾತು ಎಪೆನಿಸಾ ಯಂಗೋನಾ ಬೇರಿನ ಪಾನೀಯದ ಚಿಪ್ಪು ಹಿಡಿದು ಕೂತಿದ್ದರು. ನಾನು ಮಾತು ಮುಗಿಸುತ್ತಿದ್ದಂತೆ ಹಳ್ಳಿಯ ಮೇಲ್ವಿಚಾರಕ ಕಿತಿಯೋನೆ ನಕ್ಕ. "ಇಳಿಜಾರ್ಯಾಕೆ ಉನೈಸಿ? ನಮ್ಮ ಹುಡುಗ್ರಿಗೆ ಹೆಗಲಿಲ್ವಾ? ಮಾವಿನ ಮರದಿಂದ ಬಿದ್ದಾಗ ನೀನಿನ್ನೂ ಸಣ್ಣ ಹುಡುಗಿ. ಅವತ್ತಿಂದ ಒಂದಿನಾದ್ರೂ ನಿನ್ನ ಹೊರಗೆ ಬಿಟ್ಟಿದ್ದೀವಾ? ಈ ಕಾನೂನೆಲ್ಲ ಸುವಾದೋರಿಗಮ್ಮ. ಅಲ್ಲಿ ಪಕ್ಕದ್ಮನೆಯೋರ ಹೆಸ್ರೂ ಗೊತ್ತಿರಲ್ಲ."

ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಇವರು ಕೆಟ್ಟವರಾಗಿದ್ದರೆ ನನಗೆ ಜಗಳ ಸುಲಭವಿತ್ತು ವಾಸಿತಿ. ನಿಜವಾಗಿಯೂ ಪ್ರೀತಿ ಇರುವ ಜನ. ಅವರೆದುರು ಹಕ್ಕು ಎಂಬ ಮಾತು ನನ್ನ ಬಾಯಲ್ಲೇ ಒರಟಾಗಿ ಕೇಳಿಸುತ್ತಿತ್ತು.

"ಹೊರಗೆ ಬಿಟ್ಟಿಲ್ಲ ಕಿತಿಯೋನೆ, ಒಳಗೆ ಬಿಟ್ಟು ಮರೆತುಬಿಡ್ತೀರಿ," ಎಂದೆ. "ಯಂಗೋನಾ ಕುಡಿದು ನಿಮ್ಮ ಹೆಗಲೆಲ್ಲ ಗೊರಕೆ ಹೊಡೀತಿರ್ತವೆ, ನಾನಿಲ್ಲಿ ಉಚ್ಚೆ ತಡ್ಕೊಂಡು ದೇವರ ಹಾಡು ಹೇಳ್ತಿರ್ತೀನಿ."

ಹೆಂಗಸರು ಬೀಸಣಿಗೆ ಅಡ್ಡ ಹಿಡಿದು ನಕ್ಕರು. ಲೂಸಿಯಾನಾ ಅತ್ತೆ, ಅಪ್ಪನ ತಂಗಿ, ನನ್ನ ತೋಳು ಚಿವುಟಿದಳು. ನಾನು ನಿಲ್ಲಿಸಲಿಲ್ಲ. "ನಾನು ಉಪಕಾರ ಕೇಳ್ತಿಲ್ಲ. ಎಲ್ಲರೂ ಸೇರೋ ಕಟ್ಟಡಕ್ಕೆ ಎಲ್ಲರಿಗೂ ಹೋಗೋಕಾಗೋ ದಾರಿ ಇರ್ಬೇಕು ಅಂತ ಕಾನೂನೇ ಇದೆ."

ಆಗ ಕಿತಿಯೋನೆ ನಗು ಬಿಟ್ಟು ನೆಟ್ಟಗೆ ಕೂತ. "ನೆಲ ಸಮ ಇರೋದು ಮೇಲಿನ ಬಾಗಿಲ ಕಡೆ ಮಾತ್ರ. ಇಳಿಜಾರು ಕಟ್ಟಿದ್ರೆ ಅಲ್ಲೇ ಕಟ್ಬೇಕು. ರಾತು ಬರೋ ಬಾಗಿಲಲ್ಲಿ ನೀನು ಬರ್ತೀಯಾ? ಬಂದು, ರಾತು ಚಾಪೆ ಮೇಲಿರುವಾಗ ಕುರ್ಚಿ ಮೇಲೆ ಕೂತ್ಕೋತೀಯಾ, ಅವರ ತಲೆಗಿಂತ ಎತ್ತರಕ್ಕೆ?"

ಬೀಸಣಿಗೆಗಳೆಲ್ಲ ನಿಂತವು. ರಾತು ಎಪೆನಿಸಾ ಕೂತಿದ್ದಾಗ ನಮ್ಮ ಪುಟ್ಟ ಮಕ್ಕಳೂ ಬಗ್ಗಿಯೇ ದಾಟುತ್ತವೆ, ನಿನಗೆ ಗೊತ್ತಲ್ಲ.

ರಾತು ಕೈಯಲ್ಲಿದ್ದ ಚಿಪ್ಪು ಕೆಳಗಿಟ್ಟರು. "ಯಾವ ಬಾಗಿಲು ಅಂತ ಆ ಕಾನೂನು ಹೇಳುತ್ತೇನಮ್ಮಾ?"

"ಎಲ್ಲರೂ ಬರೋ ಬಾಗಿಲು ಸಾಕು ರಾತು. ನಿಮ್ಮದು ನಂಗೆ ಬೇಡ. ಅಡುಗೆ ಸಾಗಿಸೋ ಹಿಂದಿನ ಬಾಗಿಲೂ ಬೇಡ."

"ಹಾಗಾದ್ರೆ ಕೆಳಗಿನ ಬಾಗಿಲಿಗೇ ಕಟ್ಟಿ. ಉದ್ದ ಆದ್ರೆ ಆಗ್ಲಿ, ದೀವಿಹಲಸಿನ ಮರ ಸುತ್ಕೊಂಡು ಬರ್ಲಿ."

"ಆದ್ರೆ... ಎತ್ತರ?" ಕಿತಿಯೋನೆ ಪಿಸುಗುಟ್ಟಿದ.

"ನಾನು ದೋಣಿಗೆ ಇಳಿದಾಗ ದಡದ ಮೇಲೆ ನಿಂತಿರೋ ನಾಯೀನೂ ನನಗಿಂತ ಎತ್ತರವೇ ಕಣಯ್ಯ. ಅದಕ್ಕೇನು ನಾಯೀನ ರಾತು ಅಂತ ಕರೆದ್ರಾ?"

ನನ್ನನ್ನು ನಾಯಿಯ ಸಾಲಿಗೆ ಸೇರಿಸಿದರೂ ನಾನು ಗೆದ್ದೆ. ಮನೆಗೆ ಬಂದು ಸಂತೋಷಕ್ಕೆ ಅತ್ತುಬಿಟ್ಟೆ.

ಆದರೆ ರಾತು ಮಾತಿಗೆ ಎದುರಾಡಲಿಲ್ಲ ಎಂದ ಮಾತ್ರಕ್ಕೆ ಎಲ್ಲರೂ ಒಪ್ಪಿದರು ಎಂದಲ್ಲ. ನನ್ನನ್ನು ಎತ್ತುತ್ತಿದ್ದ ಹುಡುಗರು ಈಗ ದೂರದಿಂದಲೇ ಬುಲಾ ಹೇಳಿ ಹೋಗುತ್ತಾರೆ. ಪ್ರತಿ ಭಾನುವಾರ ತೆಂಗಿನ ಹಾಲಿನ ಮೀನು ಕಳಿಸುತ್ತಿದ್ದ ಲೂಸಿಯಾನಾ ಅತ್ತೆ ಈ ಸಲ ಕಳಿಸಲಿಲ್ಲ. "ಎತ್ಕೊಳ್ಳೋ ಕೈಗೇ ಕಾನೂನು ತೋರಿಸ್ತಾಳೆ" ಎಂದು ನೀರಿನ ನಲ್ಲಿಯ ಹತ್ತಿರ ಅಂದಳಂತೆ. ಅದು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಅವಳು ಅಂದದ್ದು ಪೂರಾ ಸುಳ್ಳೂ ಅಲ್ಲ. ಆ ಕೈಗಳಿಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ.

ಇಳಿಜಾರಿನ ಅಳತೆಯನ್ನು ಬೇಗ ಕಳಿಸು. ಎಷ್ಟು ಎತ್ತರಕ್ಕೆ ಎಷ್ಟು ಉದ್ದ ಎಂದು ನಿಮ್ಮ ಕಚೇರಿಯಲ್ಲಿ ಇರುತ್ತದಲ್ಲ. ಕಿತಿಯೋನೆ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದ ಇಳಿಜಾರು ದೋಣಿ ನೀರಿಗೆ ನೂಕುವುದಕ್ಕೆ ಚೆನ್ನಾಗಿದೆ, ನನಗಲ್ಲ. ಆಗುವುದಾದರೆ ನೀನೇ ಬಾ. ನಮ್ಮ ಕೆಸುವಿನ ಗಡ್ಡೆ ಈ ಸಲ ಚೆನ್ನಾಗಿ ಬಂದಿದೆ.

ದೇವರು ನಿನ್ನ ಕಾಲನ್ನೂ ನಾಲಿಗೆಯನ್ನೂ ಗಟ್ಟಿಯಾಗಿ ಇಟ್ಟಿರಲಿ. ನಿನ್ನ ಮಕ್ಕಳಿಗೆ ನನ್ನ ಮುತ್ತು.

ನಿನ್ನ,
ಉನೈಸಿ

ಮರೆತ ಮಾತು: ಇಷ್ಟು ವರ್ಷ ಇಲ್ಲದ ಹಟ ಈಗ ಯಾಕೆ ಎಂದು ನೀನು ಕೇಳಿದ್ದೆಯಲ್ಲ. ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಸಭೆಯಲ್ಲೂ ಉಚ್ಚೆಯ ಮಾತಾಡಿ ನಗಿಸಿದೆನೇ ಹೊರತು ಇದನ್ನು ಹೇಳಲಿಲ್ಲ. ಅಮ್ಮನನ್ನು ಹಳೆಯ ಸಭಾಮನೆಯಲ್ಲಿ ಮಲಗಿಸಿದ್ದ ದಿನವೂ ನನ್ನನ್ನು ಹಿಂದೆ ಚಾಪೆಯ ಮೇಲೆ ಕೂರಿಸಿದ್ದರು. ಪೆಟ್ಟಿಗೆ ಮುಚ್ಚುವ ಮೊದಲು ಯಾರಾದರೂ ಮುಂದೆ ಕರೆದೊಯ್ಯುತ್ತಾರೆ ಎಂದು ಕಾದೆ. ಎದುರಿಗೆ ಬರೀ ಬೆನ್ನುಗಳು. ಕೂಗಿದೆ, ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಪೆಟ್ಟಿಗೆ ಮುಚ್ಚಿಬಿಟ್ಟರು. ನನ್ನನ್ನು ಎತ್ತುವ ಹುಡುಗರೆಲ್ಲ ಅಂದು ಅಮ್ಮನನ್ನು ಎತ್ತಿಕೊಂಡಿದ್ದರು. ಊರೇ ಅವರ ಹಿಂದೆ ಗುಡ್ಡ ಹತ್ತಿತು. ಮಣ್ಣು ಹಾಕಿ ಬಂದು, ಚಾಪೆ ಸುತ್ತಲು ಒಳಗೆ ಬಂದ ಲೂಸಿಯಾನಾ ಅತ್ತೆ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. "ಅಯ್ಯೋ, ನೀನು ಬರ್ಲೇ ಇಲ್ವಾ?" ಎಂದು ಕೇಳಿದಳು.