ಯಾರು ಕೂಗುತ್ತಾರೆ ನೋಡೋಣ

ಸೋಮವಾರ, 3. ಬೆಳಿಗ್ಗೆ 10.20
ನಮ್ಮ ಸಾಫ್ಟ್‌ವೇರ್‌ನ ನಲವತ್ತೆರಡು ಪ್ಯಾಕೇಜ್ ಹೊಸ ವರ್ಷನ್‌ಗೆ ಹೋದವು. ಉಳಿದದ್ದು ಒಂದೇ — ಹನ್ನೊಂದು ವರ್ಷದ ಹಿಂದೆ ಯಾರೋ ಬರೆದು, ಕೆಲಸ ಬಿಟ್ಟು ಹೋದದ್ದು. ನಾವಿಟ್ಟ ಹೆಸರು ಅಜ್ಜಯ್ಯ. ಹೊಸದರಲ್ಲಿ ಓಡಿಸಿದರೆ ಪರದೆ ತುಂಬ ಎರರ್. ಒಳಗೆ ಇಣುಕಿದೆ, ತಲೆಬುಡ ತಿಳಿಯಲಿಲ್ಲ. ಎಲ್ಲಿಂದಲೋ ಏನನ್ನೋ ತಂದು ಎಲ್ಲಿಗೋ ಹಾಕುತ್ತದೆ. ಕಿವಿ ಮಷಿನ್ ಮಾಡುವ ಕಂಪನಿಗೆ ಇದೆಲ್ಲ ಯಾಕೆ ಬೇಕೋ!

ಬಾಸ್ ಅಂದರು, "ಆಫ್ ಮಾಡಿಬಿಡಮ್ಮ. ಬೇಕಾದವ್ರು ಕೂಗ್ತಾರೆ. ಎರಡು ವಾರ ಯಾರೂ ಕೂಗ್ಲಿಲ್ವಾ, ಡಿಲೀಟ್."

ಆಫ್ ಮಾಡಿದೆ. ನಮ್ಮಲ್ಲಿ ಎಲ್ಲರೂ ಮಾಡುವುದು ಹೀಗೇ.

ಶುಕ್ರವಾರ, 7
ಯಾರೂ ಕೂಗಲಿಲ್ಲ. ಫೋನ್ ರಿಂಗಾದರೆ ಓಡಿಹೋಗಿ ಎತ್ತುತ್ತೇನೆ. ಬಂದ ಒಂದೇ ಕಾಲ್ ಪ್ರಿಂಟರ್ ಬಗ್ಗೆ. ದೂರು ವಿಭಾಗದ ಹುಡುಗಿಯನ್ನು ಕೇಳಿದೆ. "ಈ ವಾರ ದೂರು ಅರ್ಧಕ್ಕೆ ಇಳಿದಿದೆ ಮೇಡಂ. ನೊಣ ಹೊಡೀತಾ ಕೂತಿದ್ದೀನಿ."
ಸಮಾಧಾನ ಆಗಬೇಕಿತ್ತು. ಆಗುತ್ತಿಲ್ಲ.

ಸೋಮವಾರ, 10
ಮೀಟಿಂಗ್‌ನಲ್ಲಿ ನನಗೆ ಚಪ್ಪಾಳೆ. ಎರಡು ವಾರವೂ ಕಾಯುವುದಿಲ್ಲವಂತೆ... ಶುಕ್ರವಾರವೇ ಡಿಲೀಟ್. ಅಜ್ಜಯ್ಯನ ಜೊತೆ ಹಳೇ ಸರ್ವರ್, ಅದರಲ್ಲಿರುವುದೆಲ್ಲ ಹೋಗುತ್ತದೆ. ವಾಪಸ್ ತರಲಾಗದು.

ಗುರುವಾರ, 13. ಮಧ್ಯಾಹ್ನ 3
ಅಕ್ಕನ ಮೆಸೇಜ್. ಅವಳು ಹಾಕಿಕೊಳ್ಳುವುದೂ ನಮ್ಮ ಮಷಿನ್ನೇ.
"ನಿಮ್ಮ ಕಂಪನಿಯವ್ರಿಗೆ ಏನ್ ದೊಡ್ಡ ರೋಗ? ಬಲಗಿವೀದು ಬರೀ ಶಿಳ್ಳೆ ಹೊಡೀತಿದೆ. ಮೂರು ಸಲ ಮೆಸೇಜ್ ಮಾಡ್ದೆ, ಒಂದಕ್ಕೂ ಉತ್ತರ ಇಲ್ಲ."
"ಫೋನ್ ಮಾಡ್ಬಾರ್ದಿತ್ತಾ?" ಎಂದು ಬರೆದೆ.
"ಫೋನಲ್ಲಿ ಕೇಳ್ಸೋ ಹಾಗಿದ್ರೆ ನಿಮ್ಮ ಮಷಿನ್ ಯಾಕೆ ತಗೋತಿದ್ದೆ, ಕತ್ತೆ?"

ಅಜ್ಜಯ್ಯನ ಕೋಡ್ ಮತ್ತೆ ತೆರೆದು ಸಾಲುಸಾಲಾಗಿ ಓದಿದೆ. ಕಿವಿ ಕೇಳಿಸದವರ ಮೆಸೇಜ್‌ಗಳನ್ನು ದೂರು ವಿಭಾಗಕ್ಕೆ ತಲುಪಿಸುತ್ತಿದ್ದದ್ದು ಅಜ್ಜಯ್ಯ. ಹತ್ತು ದಿನದಿಂದ ಅವರೆಲ್ಲ ಕೂಗುತ್ತಲೇ ಇದ್ದರು.

3.40
ಅಜ್ಜಯ್ಯನನ್ನು ಹಳೇ ಸರ್ವರ್‌ನಲ್ಲೇ ಆನ್ ಮಾಡಿದೆ. ಇನ್ನೂರ ಹನ್ನೆರಡು ಮೆಸೇಜ್. ನಾಳೆ ಡಿಲೀಟ್ ಆಗಿದ್ದರೆ... ಬಾಸ್ ಅಂದರು, "ಈಗ ಬಂತಲ್ಲ, ಬಿಡು. ಸರ್ವರ್ ತೊಂದರೆ ಅಂತ ಎಲ್ರಿಗೂ ಒಂದೇ ಮೆಸೇಜ್ ಕಳ್ಸಿಬಿಡು."

ಓದುತ್ತಿದ್ದೇನೆ. ಆರನೇ ತಾರೀಖಿನದು — "ಸೋಮವಾರ ಇಂಟರ್‌ವ್ಯೂ ಇದೆ. ಎರಡೂ ಮಷಿನ್ ಬಂದ್. ದಯವಿಟ್ಟು ಬೇಗ ಬನ್ನಿ." ಅದೇ ನಂಬರಿನಿಂದ ಸೋಮವಾರ ಸಂಜೆ — "ಇನ್ನು ಬರಬೇಡಿ."

ತಡೆಯಲಾಗಲಿಲ್ಲ. ಕ್ಷಮೆ ಕೇಳೋಣವೆಂದು ಆ ನಂಬರಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಆಮೇಲೆ ನೆನಪಾಯಿತು. ನಾಚಿಕೆಯಿಂದ ಕಟ್ ಮಾಡಿದೆ.

4.15
ಮೊದಲು ಇಲ್ಲಿ ಬರೆದು ನೋಡುತ್ತೇನೆ. 'ನಮಸ್ಕಾರ. ಸರ್ವರ್ ತೊಂದರೆಯಿಂದಾಗಿ' — ಹೊಡೆದುಹಾಕಿದೆ.
'ನಮಸ್ಕಾರ. ನಿಮ್ಮ ಮೆಸೇಜ್ ಯಾರಿಗೂ ಸಿಗದ ಹಾಗೆ ಮಾಡಿದವಳು ನಾನು. ನಾನು...' ಇದನ್ನು ಹೊಡೆದುಹಾಕಲಿಲ್ಲ.